ಹತ್ತಿರದವರು ಯಾರಾದರೂ

ಏಳನೇ ಸಲವೂ ಫೋನ್ ರಿಂಗಾಗಿ ರಿಂಗಾಗಿ ತಾನೇ ಸುಮ್ಮನಾಯಿತು. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ, ಬೆಳಿಗ್ಗೆಯಷ್ಟೇ ಚಾರ್ಜ್ ಮಾಡಿದ್ದ ಅಮ್ಮನ ಆಫೀಸಿನ ಫೋನಿನಿಂದ ಮತ್ತೆ ಅದೇ ನಂಬರು ಒತ್ತಿದಳು. ಹೊರಗಿನ ಕೋಣೆಯಲ್ಲಿ ಅಮ್ಮನನ್ನು ಮಲಗಿಸಿದ್ದರು. ಹನ್ನೆರಡಕ್ಕೆ ವ್ಯಾನ್ ಬರುವುದಿತ್ತು. ಬಾಡಿಗೆ ಕುರ್ಚಿ ಹಾಕಿಸುತ್ತಿದ್ದ ಸೋದರಮಾವ ಇವಳನ್ನೇ ದುರುಗುಟ್ಟಿ ನೋಡಿದ.

"ಇವತ್ತೊಂದು ದಿನ ಅದನ್ನ ಕೆಳಗಿಡಮ್ಮ. ಬಂದವರು ಏನಂದ್ಕೋತಾರೆ?"

"ನೂರ ಹದಿನೇಳು ಎತ್ತುತ್ತಾ ಇಲ್ಲ ಮಾವ."

ಮಾವನಿಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾದದ್ದು ಮೂಲೆಯಲ್ಲಿ ಕೂತಿದ್ದ ಅಮ್ಮನ ಆಫೀಸಿನ ಮೇಲ್ವಿಚಾರಕಿಗೆ ಮಾತ್ರ. ಹೃದಯದ ಆರೋಗ್ಯದ ಬಗ್ಗೆ ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದ್ದ ಒಂದು ಅಧ್ಯಯನಕ್ಕೆ ಅಮ್ಮ ಮನೆಯಿಂದಲೇ ಫೋನ್ ಮಾಡುತ್ತಿದ್ದಳು. ಮೂರು ತಿಂಗಳಿಗೊಂದು ಸುತ್ತು, ಸುತ್ತಿಗೆ ಇನ್ನೂರು ಜನ, ಒಬ್ಬೊಬ್ಬರಿಗೂ ಅವೇ ಇಪ್ಪತ್ತೊಂದು ಪ್ರಶ್ನೆ. ಇವತ್ತಿಗೆ ಮುಗಿಯುವ ಈ ಸುತ್ತಿನಲ್ಲಿ ಉಳಿದಿದ್ದವರು ಒಬ್ಬರೇ. ಅವರಿಗೆ ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಮಾಡಬೇಕಿತ್ತು. ಅಮ್ಮ ನಿನ್ನೆ ಎಂಟಕ್ಕೇ, ಬಟ್ಟೆ ಮಡಿಚುತ್ತಾ ಕೂತವಳು ಕೂತಲ್ಲೇ ಹೋಗಿಬಿಟ್ಟಳು.

ನೋಟ್‌ಬುಕ್ಕಿನಲ್ಲಿ ಅಮ್ಮ ಬರೆದಿದ್ದಳು: '೧೧೭. ಬೀಗ ರಿಪೇರಿ. ಮೂರನೇ ಮಹಡಿ, ಒಬ್ಬರೇ. ಎರಡನೇ ರಿಂಗಿಗೇ ಎತ್ತುತ್ತಾರೆ. ಎತ್ತದಿದ್ದರೆ ಬಿಡಬಾರದು.'

ಆ ಕೊನೆಯ ಮಾತನ್ನು ಮಗಳು ಮತ್ತೆ ಮತ್ತೆ ಓದಿದಳು. ಅತ್ತು ಹಗುರಾಗೋಣವೆಂದರೆ ನಿನ್ನೆಯಿಂದ ಅಳುವೂ ಬಂದಿರಲಿಲ್ಲ. ಮೇಲ್ವಿಚಾರಕಿ ಹತ್ತಿರ ಬಂದು, ಇರಲಿ ಬಿಡಮ್ಮ, 'ಕೈತಪ್ಪಿದವರು' ಅಂತ ಬರೆದರಾಯಿತು ಎಂದರು. ಹುಡುಕಿದರೂ ಸಿಗದವರಿಗೆ ಆಫೀಸಿನಲ್ಲಿ ಇಟ್ಟ ಹೆಸರು ಅದು. ಅಮ್ಮನ ಪಟ್ಟಿಯಲ್ಲಿ ಸತ್ತವರಿದ್ದರು, ಕೈತಪ್ಪಿದವರು ಒಬ್ಬರೂ ಇರಲಿಲ್ಲ.

* * *

ಮಗಳು ಹೈಸ್ಕೂಲಿನಲ್ಲಿದ್ದಾಗ ಈ ಕೆಲಸ ಶುರುವಾದದ್ದು. ಅಮ್ಮ ಕಿಟಕಿ ಪಕ್ಕದ ಮೇಜಿಗೆ ಕೂತಳೆಂದರೆ ಮನೆಯಲ್ಲಿ ಟಿವಿ ಹಾಕುವಂತಿಲ್ಲ, ಪಾತ್ರೆ ಸದ್ದು ಮಾಡುವಂತಿಲ್ಲ. ಜನರಿಗೆ ಮೊದಲ ವರ್ಷ ಉತ್ಸಾಹ, ಎರಡನೇ ವರ್ಷ ಬೇಸರ, ಮೂರನೇ ವರ್ಷ ಫೋನನ್ನೇ ಎತ್ತುವುದಿಲ್ಲ. ಅಮ್ಮ ಬಿಟ್ಟರೆ ತಾನೇ! ಒಬ್ಬರಿಗೆ ಬೆಕ್ಕು ಮರಿ ಹಾಕಿತಾ ಎಂದು, ಇನ್ನೊಬ್ಬರಿಗೆ ಸೂರು ಸೋರುವುದು ನಿಂತಿತಾ ಎಂದು ಕೇಳಿ, ಆಮೇಲೆ ಎದೆನೋವಿನ ವಿಷಯಕ್ಕೆ ಬರುತ್ತಿದ್ದಳು.

"ನಂಗೂ ಒಂದು ನಂಬರ್ ಕೊಡು. ಆಗಲಾದ್ರೂ ತಲೆನೋವಾ ಅಂತ ಕೇಳ್ತೀಯ," ಎಂದು ಮಗಳು ಒಮ್ಮೆ ಕುಟುಕಿದ್ದಳು.

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತಲ್ಲೇ. ಅವರ ಮುಖ ನಾನು ನೋಡೇ ಇಲ್ಲ."

ಕೊನೆಯ ಪ್ರಶ್ನೆಗೆ ಬಂದಾಗ ಅಮ್ಮನ ದನಿ ತಗ್ಗುತ್ತಿತ್ತು. ಕಳೆದ ಮೂರು ತಿಂಗಳಲ್ಲಿ ನಿಮಗೆ ಹತ್ತಿರದವರು ಯಾರಾದರೂ ತೀರಿಕೊಂಡಿದ್ದಾರಾ? ದುಃಖವೂ ಹೃದಯವನ್ನು ಕೆಡಿಸುತ್ತದೆಂದು ಅದನ್ನು ಕೇಳುತ್ತಿದ್ದರು. ನೂರ ಹದಿನೇಳರ ಉತ್ತರ ಮಾತ್ರ ಯಾವಾಗಲೂ ಒಂದೇ: ಹೋಗುವವರೆಲ್ಲ ನಿಮ್ಮ ಅಧ್ಯಯನಕ್ಕೆ ಮುಂಚೆಯೇ ಹೋಗಿ ಆಯಿತು, ಇಲ್ಲ ಅಂತ ಬರ್ಕೊಳ್ಳಿ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ ಎಂದರೆ, ಮೆಟ್ಟಿಲಿಗೆ ಬರುತ್ತೆ, ನನಗಿಲ್ಲ ಎನ್ನುತ್ತಿದ್ದರಂತೆ. ಅಮ್ಮ ಅದನ್ನು ಊಟದ ಹೊತ್ತಿಗೆ ಹೇಳಿಕೊಂಡು ನಗುವಾಗ ಮಗಳಿಗೆ ಆ ಕಾಣದ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

* * *

ಮಾವ ಕೊನೆಗೆ ಆಫೀಸಿನ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡು ಅಮ್ಮನ ತಲೆಯ ಬಳಿಯ ಸ್ಟೂಲಿನ ಮೇಲಿಟ್ಟ. ಮಗಳು ನೋಟ್‌ಬುಕ್ಕನ್ನು ಬಿಡಲಿಲ್ಲ. ಪ್ರತಿ ಪುಟದ ಕೆಳಗೂ ಒಂದು ಸಾಲಿತ್ತು: ಫೋನಿಗೆ ಸಿಗದಿದ್ದರೆ ವಿಚಾರಿಸಬೇಕಾದ ಹತ್ತಿರದವರು. ಉಳಿದವರಿಗೆಲ್ಲ ಮಗ, ತಂಗಿ, ಪಕ್ಕದ ಮನೆಯವರು ಎಂದಿತ್ತು. ನೂರ ಹದಿನೇಳಕ್ಕೆ ಬರೀ ಒಂದು ನಂಬರು. ಅವಳು ತನ್ನ ಫೋನಿನಿಂದ ಅದಕ್ಕೆ ಮಾಡಿದಳು.

ಅಮ್ಮನ ತಲೆಯ ಬಳಿ ರಿಂಗಾಯಿತು. ಕೂತಿದ್ದವರೆಲ್ಲ ಬೆಚ್ಚಿ ತಿರುಗಿದರು. ಮಾವ ಫೋನೆತ್ತಿ ನೋಡಿ, 'ಮಗಳು' ಅಂತ ಬರ್ತಿದೆ, ನೀನೇ ಮಾಡ್ತಿದ್ದೀಯಾ ಎಂದು ಬೈದ. ಆಫೀಸಿನ ಆ ನಂಬರಿಗೆ ಅವಳು ಈವರೆಗೆ ಫೋನ್ ಮಾಡಿದವಳೇ ಅಲ್ಲ.

"ಹಾಗೆ ತನ್ನ ನಂಬರನ್ನೇ ಬರ್ಕೊಳ್ಳೋ ಹಾಗಿಲ್ಲಮ್ಮ," ಎಂದರು ಮೇಲ್ವಿಚಾರಕಿ, ಬಹಳ ಮೆಲ್ಲಗೆ.

ಆ ಮನುಷ್ಯನಿಗೆ ಏನಾಯಿತೆಂದು ಕೇಳಬೇಕಾದವಳು ಲೋಕದಲ್ಲಿ ಒಬ್ಬಳೇ, ಅವಳು ಇಲ್ಲಿ ಹೀಗೆ ಮಲಗಿದ್ದಳು. ಮಗಳು ಪುಟದಲ್ಲಿದ್ದ ಅವರ ವಿಳಾಸ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮಾವ ಬಾಗಿಲಲ್ಲಿ ಅಡ್ಡ ನಿಂತ. ವ್ಯಾನ್ ಬರಲು ಇಪ್ಪತ್ತು ನಿಮಿಷವೂ ಇರಲಿಲ್ಲ.

"ಅವರು ಅಲ್ಲಿ ಒಬ್ಬರೇ ಬಿದ್ದಿದ್ರೆ ಯಾರು ನೋಡ್ತಾರೆ ಮಾವ?"

ಹೊರಗಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದ ಮುದುಕರೊಬ್ಬರು ಆ ದನಿ ಕೇಳಿದ್ದೇ ತಲೆಯೆತ್ತಿದರು. ಅವರ ಮುಖ ಅರಳಿತು.

"ಅಬ್ಬಾ, ಚೆನ್ನಾಗಿದ್ದೀರಲ್ಲ! ನಿನ್ನೆ ಹತ್ತಕ್ಕೆ ಫೋನ್ ಬರಲಿಲ್ಲ. ನಾನು ಮಾಡಿದ್ರೆ ಸ್ವಿಚ್ ಆಫ್. ಜೀವ ತಡೀಲಿಲ್ಲ, ಬೆಳಿಗ್ಗೆ ಎದ್ದು ಎರಡು ಬಸ್ ಹಿಡಿದು ಬಂದೆ."

ಅವರ ಕೈಯಲ್ಲಿ ಒಂದು ಹಳೆಯ ಲಕೋಟೆಯಿತ್ತು. ಕಣ್ಣು ಮಂಜಾಯಿತೆಂದು ಅವರು ಹೇಳಿದಾಗ ಅಮ್ಮ ಪ್ರಶ್ನೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಹಿಂಬದಿಗೆ ತನ್ನ ಮನೆಯ ವಿಳಾಸ ಹಾಕಿ ಅಂಚೆಗೆ ಕೊಟ್ಟಿದ್ದಳು. ಅವರ ಫೋನು ಗೋಡೆಗೆ ತಗುಲಿಸಿದ್ದು. ಬೀಗ ಹಾಕಿದ ಮನೆಯಲ್ಲಿ ಬೆಳಿಗ್ಗೆಯಿಂದ ಒಂದೇ ಸಮ ಹೊಡೆದುಕೊಂಡಿರಬೇಕು.

ತಾಯಿ ಮಗಳದು ಒಂದೇ ದನಿ. ಫೋನಿನಲ್ಲಿ ಮಾವನೇ ಎಷ್ಟೋ ಸಲ ಮೋಸಹೋಗಿದ್ದ. ಮುದುಕರು ಇವಳನ್ನೇ ಅಮ್ಮ ಅಂದುಕೊಂಡಿದ್ದರು. ಮಗಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಮುದುಕರು ಒಳಗೆ ನೋಡಿದರು. ಅವಳನ್ನು ನೋಡಿದರು, ಮತ್ತೆ ಒಳಗೆ ನೋಡಿದರು.

"ಇವರಾ?" ಎಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, "ಎತ್ತರ ಇರ್ತಾರೆ ಅಂದ್ಕೊಂಡಿದ್ದೆ," ಎಂದರು.

ಆಗ ಮಗಳಿಗೆ ಅಳು ಬಂತು.

ವ್ಯಾನ್ ಬಂದು ನಿಂತಿತು. ಮುದುಕರು ಒಂದು ಕುರ್ಚಿಯಲ್ಲಿ ಕೂತು, ಲಕೋಟೆಯೊಳಗಿನ ಹಾಳೆ ಬಿಡಿಸಿ ಮೊಣಕಾಲ ಮೇಲೆ ಹರಡಿಕೊಂಡರು. "ಕೇಳಮ್ಮ. ಅವರ ಕೆಲಸ ಅರ್ಧಕ್ಕೆ ನಿಲ್ಲೋದು ಬೇಡ."

ಮೇಲ್ವಿಚಾರಕಿ ಪೆನ್ನು ಕೊಟ್ಟರು. ಮಾವ ಡ್ರೈವರನ ಬಳಿ ಹೋಗಿ ಸ್ವಲ್ಪ ತಡೆಯಲು ಹೇಳಿ ಬಂದ. ಮಗಳು ಒಂದೊಂದಾಗಿ ಕೇಳಿದಳು. ಎದೆನೋವು ಇರಲಿಲ್ಲ. ನಿದ್ದೆ ನಿನ್ನೆ ಬಂದಿರಲಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು, ಈಗೀಗ ಬರುತ್ತಿತ್ತು.

ಕೊನೆಯ ಪ್ರಶ್ನೆಗೆ ಅವಳ ದನಿ ತಾನಾಗಿಯೇ ತಗ್ಗಿತು. ಪುಟದ ಅಂಚಿನಲ್ಲಿ ಅಮ್ಮನ ಕೈಬರಹ ಸುತ್ತಿಗೊಂದರಂತೆ ಇಳಿದಿತ್ತು: ಇಲ್ಲ, ಇಲ್ಲ, ಇಲ್ಲ.

ಮುದುಕರು ಹಾಳೆ ನೋಡಲಿಲ್ಲ, ಅಮ್ಮನ ಕಡೆ ನೋಡಿದರು.

"ಹೌದು ಅಂತ ಬರ್ಕೊಳ್ಳಮ್ಮ."

ಅವಳು 'ಇಲ್ಲ'ಗಳ ಕೆಳಗೆ 'ಹೌದು' ಎಂದು ಬರೆದಳು. ಎಷ್ಟು ಒತ್ತಿ ಬರೆದಳೆಂದರೆ ಅಡಿಯಲ್ಲಿದ್ದ ಹಾಳೆಯಲ್ಲೂ ಅದರ ಅಚ್ಚು ಬಿದ್ದಿತ್ತು.