ಓದಿ ಮುಗಿದ ಮೇಲೆ

ಸಾವಿತ್ರಮ್ಮ ಮೂರನೇ ಸಲ ಕನ್ನಡಕ ಹುಡುಕಲು ಎದ್ದರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ನಡುಮನೆಯಲ್ಲಿ ಕೂತಿದ್ದ ಹತ್ತು ಹದಿನೈದು ಜನಕ್ಕೂ ಅದು ಕಾಣುತ್ತಿತ್ತು, ಸಾವಿತ್ರಮ್ಮನಿಗೂ ಗೊತ್ತಿತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ. ಕನ್ನಡಕ ಸಿಕ್ಕಿಬಿಟ್ಟರೆ ಮೇಜಿನ ಮೇಲಿನ ಫಾರಂಗೆ ಸಹಿ ಹಾಕಬೇಕಾಗುತ್ತಿತ್ತು.

ಫಾರಂ ತಂದವಳು ಡಾಕ್ಟರ್ ತನುಜ. ಅವಳು ಪಾಠ ಮಾಡುವ ಮೆಡಿಕಲ್ ಕಾಲೇಜಿಗೆ ಸಾವಿತ್ರಮ್ಮನ ಗಂಡ ಯೋಗನರಸಿಂಹ ತಮ್ಮ ದೇಹವನ್ನು ಬರೆದುಕೊಟ್ಟು ಆರು ವರ್ಷವಾಗಿತ್ತು. ಇವತ್ತು ಬೆಳಗಿನ ಜಾವ ಅವರು ತೀರಿಕೊಂಡಿದ್ದರು. ಹೆಂಡತಿ ಒಪ್ಪಿ ಸಹಿ ಹಾಕದಿದ್ದರೆ ಕಾಲೇಜಿನವರು ಮುಟ್ಟುವ ಹಾಗಿರಲಿಲ್ಲ. ವ್ಯಾನು ಬೀದಿಯ ಹೊಂಗೆಮರದ ಕೆಳಗೆ ಕಾಯುತ್ತಿತ್ತು, ಮಧ್ಯಾಹ್ನದೊಳಗೆ ಹೊರಡಬೇಕು. ಅತ್ತ ಪುರೋಹಿತರು ನೀವು ಹೂಂ ಅಂದರೆ ಸ್ಮಶಾನಕ್ಕೆ ಹೇಳಿಕಳಿಸುತ್ತೇನೆ ಎಂದು ಜಗಲಿಯ ಮೇಲೆ ಕೂತಿದ್ದರು. ಗೌರಿಬಿದನೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದ ಮಗಳು ಶಾಂಭವಿ, ನಿನಗೆ ಹೇಗೆ ಸರಿಯೋ ಹಾಗೆ ಮಾಡಮ್ಮ ಎಂದು ಎಲ್ಲವನ್ನೂ ಅಮ್ಮನ ತಲೆಗೇ ಕಟ್ಟಿದ್ದಳು.

ಮಡಿ ಮೈಲಿಗೆಯ ಚಿಂತೆ ಸಾವಿತ್ರಮ್ಮನಿಗೆ ಇರಲಿಲ್ಲ. ಅವರ ಸಂಕಟವೇ ಬೇರೆ. ಚಿಂತಾಮಣಿಯ ಕಾಲೇಜಿನಲ್ಲಿ ಮೂವತ್ತೈದು ವರ್ಷ ಲೈಬ್ರರಿಯನ್ ಆಗಿದ್ದ ಗಂಡ ಒಂದು ದಿನವೂ ಪೂರ್ತಿ ಮನೆಯವರಾಗಿರಲಿಲ್ಲ. ಸುತ್ತಮುತ್ತ ಯಾರು ಪಿಎಚ್‌ಡಿಗೆ ಸೇರಿದರೂ ಅವರ ತಲೆನೋವು ಇವರದಾಗುತ್ತಿತ್ತು. ಬದುಕಿದ್ದಾಗ ಊರವರ ಪಾಲಾದವರು ಈಗ ಹೀಗೂ ಹೋಗಿಬಿಟ್ಟರೆ ತನಗೆ ಹಿಡಿ ಬೂದಿಯೂ ಉಳಿಯುವುದಿಲ್ಲವಲ್ಲ ಎಂಬುದೇ ಆ ಸಂಕಟ.

ಅಷ್ಟರಲ್ಲಿ ಬಂದವರ ನಡುವೆ ಸಣ್ಣ ಜಟಾಪಟಿ ಹತ್ತಿಕೊಂಡಿತು. ಕುಡುಮಲಕುಂಟೆಯ ಕಾರ್ಖಾನೆ ಕೆಲಸಗಾರರ ಮಕ್ಕಳು ಶಾಲೆ ಯಾಕೆ ತಪ್ಪಿಸುತ್ತಾರೆ ಎಂದು ಪ್ರಬಂಧ ಬರೆದಿದ್ದ ಗಣೇಶ್ ಪ್ರಸಾದ್, ಸಾರ್ ಮೂಲತಃ ಶಿಕ್ಷಣಶಾಸ್ತ್ರದವರು ಅಂದ. ರೇಷ್ಮೆಹುಳುವಿನ ವಿಜ್ಞಾನಿ ಬಯ್ಯಪ್ಪ ಅದನ್ನು ಒಪ್ಪಲಿಲ್ಲ. ಸಾರ್ ಎಂಎಸ್ಸಿ ಮಾಡಿದ್ದೇ ರೇಷ್ಮೆಯಲ್ಲಿ ಎಂದು ಪಟ್ಟು ಹಿಡಿದ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ಕೆಮ್ಮಿನ ಮೇಲೆ ಕೆಲಸ ಮಾಡಿದ್ದ ತನುಜಳಿಗಂತೂ, ಸಾರ್ ಡಾಕ್ಟರಿಕೆ ಅರ್ಧಕ್ಕೆ ಬಿಟ್ಟು ಬಂದವರು ಎನ್ನುವುದರಲ್ಲಿ ಸಂಶಯವೇ ಇರಲಿಲ್ಲ. ಮೂವರೂ ತೀರ್ಪಿಗೆ ಸಾವಿತ್ರಮ್ಮನ ಮುಖ ನೋಡಿದರು.

"ಅವರು ಓದಿದ್ದು ಬಿಕಾಂ ಕಣ್ರಪ್ಪ," ಅಂದರು ಸಾವಿತ್ರಮ್ಮ. "ಅದೂ ಎರಡನೇ ಸಲಕ್ಕೆ ಪಾಸು. ಆಮೇಲೆ ಲೈಬ್ರರಿ ಕೋರ್ಸು, ಅಷ್ಟೇ."

ಸಾವಿನ ಮನೆ ಎಂಬುದನ್ನು ಮರೆತು ಎಲ್ಲರೂ ನಕ್ಕುಬಿಟ್ಟರು. ಕಾಫಿ ತಂದಿದ್ದ ಪಕ್ಕದ ಮನೆಯ ವೆಂಕಟರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾವಿತ್ರಮ್ಮನಿಗೂ ನಗು ತಡೆಯಲಾಗಲಿಲ್ಲ.

* * *

ಇಪ್ಪತ್ತು ವರ್ಷದ ಹಿಂದೆ ಕೆಂಚಾರ್ಲಹಳ್ಳಿಯ ಬಯ್ಯಪ್ಪ ಸಂಶೋಧನೆಗೆ ಸೇರಿದಾಗ ಅವನ ಬಾಡಿಗೆ ರೂಮಿಗೆ ಶೀಟಿನ ಮಾಡು. ಆ ಕಾವಿಗೆ ಹುಳು ಬದುಕುತ್ತಿರಲಿಲ್ಲ. ಯೋಗನರಸಿಂಹ ಮನೆಯಲ್ಲಿ ಒಂದು ಮಾತೂ ಕೇಳದೆ ಎರಡು ತಟ್ಟೆ ಹುಳು ತಂದು ಊಟದ ಕೋಣೆಯಲ್ಲಿಟ್ಟರು. ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುವ ಕೆಲಸ ಸಾವಿತ್ರಮ್ಮನ ಕೊರಳಿಗೆ ಬಿತ್ತು.

ಒಂದು ಬೆಳಿಗ್ಗೆ ಹುಳುವಿನ ಸೊಪ್ಪನ್ನೂ ಅಡಿಗೆಯ ದಂಟಿನ ಸೊಪ್ಪನ್ನೂ ಅಕ್ಕಪಕ್ಕದಲ್ಲಿ ಹೆಚ್ಚಿಟ್ಟರು. ಮಧ್ಯಾಹ್ನ ಬಂದು ನೋಡಿದರೆ ಎರಡನೇ ತಟ್ಟೆಯ ಹುಳುಗಳು ತಲೆ ಎತ್ತಿಕೊಂಡು ಉಪವಾಸ ಕೂತಿವೆ. ಬಯ್ಯಪ್ಪ ಗಾಬರಿಬಿದ್ದು, ಇದು ಹೊಸ ರೋಗವೇ ಇರಬೇಕೆಂದು ನೋಟುಬುಕ್ಕಿನಲ್ಲಿ ಎರಡು ಪುಟ ಬರೆದ. ಯೋಗನರಸಿಂಹ ಪಕ್ಕದಲ್ಲೇ ಕೂತು ಎರಡನೇ ಸಲ ಹುಳಿ ಬಡಿಸಿಕೊಳ್ಳುತ್ತಿದ್ದರು.

"ಸಾವಿತ್ರಿ, ಇವತ್ತಿನ ಹುಳಿ ಬಲು ಚೆನ್ನಾಗಿದೆ ಕಣೇ. ಯಾವ ಸೊಪ್ಪು?"

ಸಾವಿತ್ರಮ್ಮ ಹುಳಿಯ ಪಾತ್ರೆ ನೋಡಿದರು, ಹುಳುವಿನ ತಟ್ಟೆ ನೋಡಿದರು, ತಲೆಯ ಮೇಲೆ ಕೈಯಿಟ್ಟುಕೊಂಡರು. ಬಯ್ಯಪ್ಪ ಆ ಎರಡು ಪುಟ ಹರಿಯಲು ಹೋದಾಗ ಯೋಗನರಸಿಂಹ ಎಂಜಲು ಕೈಯಲ್ಲೇ ತಡೆದರು. ಆದ ತಪ್ಪನ್ನೂ ಬರೆದಿಡಬೇಕು, ಮುಂದೆ ಓದುವವರಿಗೆ ಅದೂ ಬೇಕಾಗುತ್ತೆ ಅಂದರು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

* * *

ನಗು ನಿಂತ ಮೇಲೆ ಬಯ್ಯಪ್ಪ ಚೀಲದಿಂದ ಪೇಪರು ಸುತ್ತಿದ ಪುಸ್ತಕವೊಂದನ್ನು ತೆಗೆದ.

"ಅಮ್ಮ, ಇದು ಸಾರ್‌ದು. ತಗೊಂಡು ಹತ್ತೊಂಬತ್ತು ವರ್ಷ ಆಯ್ತು. ಕೊಡೋಕೆ ನಾಚ್ಕೆ ಆಗಿ ಇಟ್ಕೊಂಡೇ ಇದ್ದೆ."

"ತಡಿ, ರಿಜಿಸ್ಟರಲ್ಲಿ ಗುರುತು ಹಾಕ್ತೀನಿ," ಎಂದು ಸಾವಿತ್ರಮ್ಮ ಎದ್ದರು. ತಲೆಯ ಮೇಲಿದ್ದ ಕನ್ನಡಕ ತಾನಾಗಿ ಮೂಗಿಗಿಳಿಯಿತು.

ಯೋಗನರಸಿಂಹ ಇಟ್ಟಿದ್ದ ಆ ರಿಜಿಸ್ಟರಿನಲ್ಲಿ ಸಹಿಯಿಲ್ಲದೆ ಮನೆಯಿಂದ ಯಾವ ಸಾಮಾನೂ ಹೊಸಿಲು ದಾಟಿದ್ದಿಲ್ಲ. ವೆಂಕಟರತ್ನಮ್ಮ ಚಕ್ಕುಲಿ ಒರಳಿಗೂ ಸಹಿ ಹಾಕಿದವರೇ. ಹಿಂದಿರುಗಿಸುವ ದಿನ ಎಂಬ ಕಾಲಮಿನಲ್ಲಿ ಏಣಿಗೆ ಸಂಜೆ, ಒರಳಿಗೆ ಎರಡು ದಿನ. ಸಂಶೋಧನೆಗೆ ಓದುವವರಿಗೆ ಮಾತ್ರ ದಿನಾಂಕವಿಲ್ಲ. ಅಲ್ಲಿ ಯೋಗನರಸಿಂಹ ತಮ್ಮ ದುಂಡನೆಯ ಅಕ್ಷರದಲ್ಲಿ 'ಓದಿ ಮುಗಿದ ಮೇಲೆ' ಎಂದು ಬರೆಯುತ್ತಿದ್ದರು. ಪುಸ್ತಕ ಹಿಡಿದವರು ಬೀದಿಗೆ ಇಳಿದರೂ ಬಿಡದೆ, ಹಾಳೆಯ ಮೂಲೆ ಮಡಚಬೇಡಿ ಎಂದು ಬಾಗಿಲಿನಿಂದಲೇ ಕೂಗಿ ಹೇಳುತ್ತಿದ್ದರು.

ಸಾವಿತ್ರಮ್ಮ ಬಯ್ಯಪ್ಪನ ಸಾಲು ಹುಡುಕುತ್ತ ಪುಟ ತಿರುವಿದರು. ಹುಳು, ಕೆಮ್ಮು, ಶಾಲೆ, ಕಡಲೆಕಾಯಿ, ಕೆರೆಯ ಹೂಳು, ಮಕ್ಕಳ ಕಣ್ಣು: ಯಾರ್ಯಾರೋ ಏನೇನೋ ಓದಿದ್ದರು. ಒಂದೊಂದು ಸಾಲಿನ ಕೊನೆಯಲ್ಲೂ ವಾಪಸು ಬಂದ ಗುರುತು. ಉಳಿದಿದ್ದದ್ದು ಇದೊಂದೇ. ಅದಕ್ಕೂ ಗುರುತು ಹಾಕಿದರು. ಆಮೇಲೆ ತನುಜಳನ್ನು ಹತ್ತಿರ ಕರೆದರು.

"ಎಲ್ಲಾ ಆದ್ಮೇಲೆ ವಾಪಸ್ ಕೊಡ್ತೀರೇನಮ್ಮ?"

"ಮಕ್ಕಳು ಕಲಿತು ಮುಗಿಸೋಕೆ ಎರಡು ಮೂರು ವರ್ಷ ಆಗುತ್ತೆ ಅಮ್ಮ. ಆಮೇಲೆ ನಾವೇ ಸಂಸ್ಕಾರ ಮಾಡ್ತೀವಿ. ಮನೆಯವ್ರು ಕೇಳಿದ್ರೆ ಬೂದಿ ತಂದ್ಕೊಡ್ತೀವಿ. ನಿಮಗೆ ನಾನೇ ತರ್ತೀನಿ."

"ಕೇಳ್ತೀನಿ ಕಣಮ್ಮ. ಮರೀಬೇಡ."

ಫಾರಂಗೆ ಸಹಿ ಬಿತ್ತು. ತನುಜ ಅದನ್ನು ಮಡಚಿ ಎದ್ದಳು. ಸಾವಿತ್ರಮ್ಮ ಬಿಡಲಿಲ್ಲ. ರಿಜಿಸ್ಟರಿನ ಹೊಸ ಸಾಲಿನಲ್ಲಿ ಗಂಡನ ಹೆಸರು ಬರೆದು, ಅದರ ಮುಂದೆ 'ಒಂದೇ ಪ್ರತಿ' ಎಂದು ಸೇರಿಸಿ, ಪೆನ್ನನ್ನು ಅವಳ ಕೈಗೆ ಕೊಟ್ಟರು. ತನುಜ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಹಿಂದಿರುಗಿಸುವ ದಿನದ ಕಾಲಮಿಗೆ ಬಂದಾಗ ಅವಳ ಕೈ ನಿಂತಿತು. ಸಾವಿತ್ರಮ್ಮ ಪೆನ್ನು ಇಸಿದುಕೊಂಡು ಅಲ್ಲಿ ಬರೆಯಬೇಕಾದ್ದನ್ನು ತಾವೇ ಬರೆದರು.

ಹನ್ನೊಂದೂವರೆಗೆ ಬಯ್ಯಪ್ಪ, ಗಣೇಶ್ ಪ್ರಸಾದ್, ಶಾಂಭವಿ ಹೆಗಲು ಕೊಟ್ಟು ಅವರನ್ನು ವ್ಯಾನಿಗೆ ಏರಿಸಿದರು. ಪುರೋಹಿತರೂ ಎದ್ದು ನಿಂತು ಕೈ ಮುಗಿದರು. ತನುಜ ಹತ್ತಿ ಕೂತ ವ್ಯಾನು ಹೊಂಗೆಮರ ದಾಟುವಷ್ಟರಲ್ಲಿ ಸಾವಿತ್ರಮ್ಮ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲಿಗೆ ಬಂದು, ಇಡೀ ಬೀದಿಗೆ ಕೇಳುವಂತೆ ಕೂಗಿದರು.

"ತನುಜಮ್ಮ, ಮೂಲೆ ಮಡಚಬೇಡಿ ಅಂತ ಮಕ್ಕಳಿಗೆ ಹೇಳಮ್ಮ."