ಶೇಂಗಿಗೆ ಕುದಿಸಿದ ಕಲೇಜಿ

ಬೈಲಹೊಂಗಲದ ದನದ ಡಾಕ್ಟರು ಮಂಜುಳಾ ಹೇಳಿದ ಮಾತು ಗುರವ್ವನ ತಲೆಗೆ ಹೋಗಲೇ ಇಲ್ಲ. ರೋಗ ಅಂದಮೇಲೆ ಹೊರಗಿನಿಂದ ಬರಬೇಕು. ಹುಳ ಬರಬೇಕು, ವಿಷ ಬರಬೇಕು, ಹೋಗಲಿ, ಯಾವಳದಾದರೂ ಕೆಟ್ಟ ಕಣ್ಣಾದರೂ ಬೀಳಬೇಕು. ಈ ಡಾಕ್ಟರಮ್ಮ ನೋಡಿದರೆ, ನಾಯಿಯ ಮೈಯೇ ನಾಯಿಯ ರಕ್ತವನ್ನು ಕೊಲ್ಲುತ್ತಿದೆ ಅನ್ನುತ್ತಾಳೆ!

"ತನ್ನ ರಕ್ತಾ ತಾನ ಹೆಂಗ್ರಿ ಕೊಲ್ಲತೈತಿ?" ಎಂದು ಗುರವ್ವ ಕೇಳಿದಳು.

"ಗುರುತು ತಪ್ಪೈತ್ರಿ. ತನ್ನದ್ಯಾವುದು, ಹೊರಗಿಂದ್ಯಾವುದು ಅನ್ನೂದು ಮೈಗೆ ತಿಳೀವಲ್ದು."

"ಹಂಗಾರ ಶಕ್ತಿ ಬರೂ ಔಷಧ ಕೊಡ್ರಿ."

"ಶಕ್ತಿ ಕಡಿಮಿ ಮಾಡೂದನ್ನ ಕೊಡತೇನ್ರಿ. ಜಗಳಾಡೂ ಶಕ್ತಿ ಕಡಿಮಿ ಆದ್ರನ ರಕ್ತಾ ಉಳೀತೈತಿ."

ಗುರವ್ವ ಗಂಡನ ಮುಖ ನೋಡಿದಳು. ಮಡಿವಾಳೆಪ್ಪ ಎಲ್ಲ ತಿಳಿದವನ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ಆ ಮನುಷ್ಯ ಯಾವ ಮಾತಿಗಾದರೂ ತಲೆ ಅಲ್ಲಾಡಿಸುತ್ತಾನೆ, ಅದನ್ನೇನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಮೇಜಿನ ಮೇಲೆ ಮಲಗಿದ್ದ ಶೇಂಗಿ ಮಾತ್ರ ಒಮ್ಮೆ ಬಾಲ ಆಡಿಸಿ ಸುಮ್ಮನಾಯಿತು. ಅದರ ಒಸಡು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

ಶೇಂಗಿ ಅಂದರೆ ಯಾವ ದೊಡ್ಡ ಜಾತಿಯ ನಾಯಿಯೂ ಅಲ್ಲ. ಚಚಡಿ ಹಳ್ಳಿಯಲ್ಲಿ ಮಡಿವಾಳೆಪ್ಪನ ಹಿಟ್ಟಿನ ಗಿರಣಿ ಇದೆಯಲ್ಲ, ಅಲ್ಲಿಗೆ ಮರಿಯಾಗಿದ್ದಾಗ ಬಂದು ಜೋಳದ ಚೀಲಗಳ ನಡುವೆ ಮಲಗಿದ ಹೆಣ್ಣು ನಾಯಿ. ಶೇಂಗಾ ಸಿಪ್ಪೆಯ ಬಣ್ಣ, ಅದಕ್ಕೆ ಆ ಹೆಸರು. ಗುರವ್ವನಿಗೆ ಗರ್ಭಚೀಲದ ಆಪರೇಷನ್ ಆಗಿ ಹಾಸಿಗೆ ಹಿಡಿದಾಗ, ಬಂಧು ಬಳಗದವರೆಲ್ಲ ಹಣ್ಣು ಕೊಟ್ಟು ಚಹಾ ಕುಡಿದು ಹೋದರು. ಈ ನಾಯಿ ಮಾತ್ರ ಹೊಸ್ತಿಲು ಬಿಟ್ಟು ಕದಲಲಿಲ್ಲ. ಅಂದಿನಿಂದ ಅದು ಅವಳಿಗೆ ನಾಯಿ ಅಲ್ಲ, ಅವಳ ಜೀವ.

ಡಾಕ್ಟರು ಊಟದ ಕ್ರಮವನ್ನೂ ಹೇಳಿ ಕಳಿಸಿದರು. ಈ ಗುಳಿಗೆಗೆ ಹಸಿವು ರಾಕ್ಷಸನ ಹಾಗೆ ಬರುತ್ತದೆ, ಕೇಳಿದ್ದನ್ನೆಲ್ಲ ಹಾಕಬಾರದು. ನೀರು ಬೇಕಾದಷ್ಟು ಇಡಬೇಕು. ಮೈಯಲ್ಲಿ ಮಾಂಸ ಕರಗುತ್ತದೆ, ಅದಕ್ಕೆ ತತ್ತಿ, ಕೋಳಿ, ಸ್ವಲ್ಪ ಕಲೇಜಿ, ಅಂದರೆ ಕುರಿಯ ಯಕೃತ್ತು, ಕೊಡಬೇಕು. ಹಸಿಯದ್ದು ಬೇಡವೇ ಬೇಡ, ಚೆನ್ನಾಗಿ ಕುದಿಸಿಯೇ ಕೊಡಬೇಕು. ಕೊನೆಯ ಮಾತನ್ನು ಅವರು ಬೆರಳೆತ್ತಿ ಹೇಳಿದರು. "ಉಳ್ಳಾಗಡ್ಡಿ, ಬಳ್ಳೊಳ್ಳಿ ಅಪ್ಪಿ ತಪ್ಪಿ ಬಾಯಿಗೆ ಬೀಳಬಾರದು. ಛಲೋ ಇದ್ದ ನಾಯಿ ರಕ್ತಾನೂ ಅವು ಒಡೀತಾವು. ಇದಕ್ಕಂತೂ ವಿಷಾನ."

ಉಳಿದದ್ದೆಲ್ಲ ಗೊಂದಲವಾದರೂ ಈ ಒಂದು ಮಾತು ಗುರವ್ವನಿಗೆ ನೆಟ್ಟಗೆ ನಾಟಿತು. ಮನೆಗೆ ಬಂದವಳೇ ಈರುಳ್ಳಿಯ ಬುಟ್ಟಿಯನ್ನು ಗಿರಣಿಯ ಅಟ್ಟಕ್ಕೆ ಏರಿಸಿದಳು. ಬಳ್ಳೊಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಯ ಡಬ್ಬಿಯನ್ನು ನೆರೆಯ ಶೆಟ್ಟೆವ್ವನಿಗೆ ಕೊಟ್ಟುಬಿಟ್ಟಳು. ಪಾಪ, ಮಡಿವಾಳೆಪ್ಪ! ಜೋಳದ ರೊಟ್ಟಿಯ ಜೊತೆ ಒಂದು ಈರುಳ್ಳಿ ಗುದ್ದಿಕೊಂಡು ತಿನ್ನುವುದು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಯಾವ ಚಟವೂ ಇರಲಿಲ್ಲ. ಈಗ ಗಿರಣಿಯ ಹಿಂದೆ ನಿಂತು ಕಳ್ಳನ ಹಾಗೆ ತಿಂದು, ಸಬಕಾರದಿಂದ ಕೈತೊಳೆದು ಒಳಗೆ ಬರಬೇಕಾಯಿತು. "ನಾಯಿಗೆ ರೋಗ ಬಂದು ನನಗ ಪಥ್ಯ ಹಚ್ಚಿದಿ" ಎಂದು ಗೊಣಗಿದ. ಗುರವ್ವ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಷ್ಟ ಇದ್ದದ್ದು ಕಲೇಜಿಯದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ತತ್ತಿ ಅನ್ನುವ ಶಬ್ದವನ್ನೂ ಅಡುಗೆಮನೆಯಲ್ಲಿ ಯಾರೂ ಆಡಿದವರಲ್ಲ. ಕಲೇಜಿ ಕುದಿಸುವುದು ಎಲ್ಲಿ, ಯಾವ ಪಾತ್ರೆಯಲ್ಲಿ, ಯಾರ ಕೈಯಿಂದ?

ಗಿರಣಿಯ ಎದುರಿಗೇ ಸೀತವ್ವನ ಮನೆ. ಮುಂದಿನ ಖೋಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಊರಿನ ಕುಪ್ಪಸ ಹೊಲಿಯುವವಳು. ಯಂತ್ರದ ಮೇಲೆ ಗೋಡೆಗೆ ಬುದ್ಧ, ಅವನ ಪಕ್ಕಕ್ಕೆ ಬಾಬಾಸಾಹೇಬರ ಫೋಟೋ. ಗುರವ್ವ ಮದುವೆಯಾಗಿ ಬಂದಾಗಿನಿಂದ ಇಬ್ಬರಿಗೂ ಗೆಳೆತನ. ಇಡೀ ಊರಿನ ಸುದ್ದಿಯನ್ನು ಆ ಕಟ್ಟೆಯ ಮೇಲೆ ಕುಳಿತು ಹಸನು ಮಾಡಿದ್ದಾರೆ. ಆದರೆ ಗುರವ್ವ ಒಮ್ಮೆಯೂ ಯಂತ್ರ ದಾಟಿ ಒಳಗೆ ಹೋದವಳಲ್ಲ. ಹಬ್ಬಕ್ಕೆ ಗುರವ್ವನ ಮನೆಯಿಂದ ಹೋಳಿಗೆಯ ಡಬ್ಬಿ ಹೋಗುತ್ತದೆ. ಬರಿ ಡಬ್ಬಿ ತಿರುಗಿಸಬಾರದೆಂದು ಸೀತವ್ವ ಅದರಲ್ಲಿ ಬಾಳೆಹಣ್ಣೋ ಸಕ್ಕರೆಯೋ ಹಾಕಿ ಕಳಿಸುತ್ತಾಳೆ. ಬೇಯಿಸಿದ್ದನ್ನು ಎಂದೂ ಹಾಕಿಲ್ಲ. ಹಾಕಬೇಡ ಎಂದು ಇವಳು ಅಂದಿಲ್ಲ, ಯಾಕೆ ಎಂದು ಅವಳು ಕೇಳಿಲ್ಲ.

"ಸೀತವ್ವಾ, ಶೇಂಗಿಗೆ ಅದನ್ನ ಸ್ವಲ್ಪ ಕುದಿಸಿ ಕೊಡತೀಯೇನ?"

"ಅದಂದ್ರ ಯಾವದ್ರಿ?"

"ಅದ ಮಾರಾಯ್ತಿ!"

ಸೀತವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಲೇಜಿ ಅನ್ರಿ ಗುರವ್ವಕ್ಕಾ. ಅಂದ್ರ ನಾಲಿಗಿ ಉದುರಿ ಬೀಳಂಗಿಲ್ಲ. ಕೊಡತೇನಿ, ಅದಕ್ಕೇನ್ ಕೇಳತೀರಿ? ಶೇಂಗಿ ನಿಮಗಷ್ಟ ಮಗಳೇನು?"

"ಖಾರ ಹಾಕಬ್ಯಾಡ ಮತ್ತ. ಉಪ್ಪೂ ಬ್ಯಾಡ."

"ನಾಯಿಗ್ಯಾರ ಖಾರ ಹಾಕತಾರ? ನೀವೇನ್ ಚಿಂತಿ ಮಾಡಬ್ಯಾಡ್ರಿ."

ಅಷ್ಟೇ ಮಾತು. ಈರುಳ್ಳಿಯ ಹೆಸರು ಅಲ್ಲಿ ಬರಲೇ ಇಲ್ಲ. ಗುರವ್ವನ ಲೆಕ್ಕದಲ್ಲಿ ಈರುಳ್ಳಿ ಎಂದರೆ ರೊಟ್ಟಿಯ ಜೊತೆಗಿನದು, ಪಲ್ಯದ್ದು, ತನ್ನ ಮನೆಯದ್ದು. ಮಾಂಸದ ಅಡುಗೆ ಅಂದರೆ ಮಾಂಸ, ನೀರು, ಬೆಂಕಿ. ಅದರಾಚೆ ಏನಿರುತ್ತದೆ ಎಂದು ಅವಳು ಕನಸಿನಲ್ಲೂ ಯೋಚಿಸಿದವಳಲ್ಲ.

ದಿನಾ ಮುಂಜಾನೆ ಸೀತವ್ವ ಬಟ್ಟಲು ಹಿಡಿದು ರಸ್ತೆ ದಾಟಿ ಬರುವಳು. ಶೇಂಗಿ ಅವಳ ಹೆಜ್ಜೆಯ ಸದ್ದಿಗೇ ಎದ್ದು ನಿಲ್ಲುವುದು. ಗುರವ್ವ ಕಲೇಜಿಯ ತುಂಡಿನಲ್ಲಿ ಗುಳಿಗೆ ಹುದುಗಿಸಲು ಹೇಳಿ, ಮೂಗಿಗೆ ಸೆರಗು ಒತ್ತಿ ಅತ್ತ ತಿರುಗುವಳು. ಮೊದಮೊದಲು ನಾಯಿ ಚೇತರಿಸಿಕೊಂಡಿತು. ಒಸಡಿಗೆ ಸ್ವಲ್ಪ ಗುಲಾಬಿ ಬಣ್ಣ ಬಂತು. ಗುರವ್ವನ ಸಂತೋಷ ಏನು ಕೇಳುತ್ತೀರಿ! ಬೀಸಲು ಬಂದವರಿಗೆಲ್ಲ ನಾಯಿಯ ತುಟಿ ಎತ್ತಿ ತೋರಿಸಿದ್ದೇ ತೋರಿಸಿದ್ದು.

ಆಮೇಲೆ ಎಲ್ಲ ತಿರುವುಮುರುವಾಯಿತು. ಶೇಂಗಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡತೊಡಗಿತು. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು. ಗುರವ್ವನಿಗೆ ದಿಕ್ಕೇ ತಿಳಿಯದಾಯಿತು. ಗುಳಿಗೆ ತಪ್ಪಿಲ್ಲ, ಊಟ ತಪ್ಪಿಲ್ಲ, ಹಾಗಾದರೆ ತಪ್ಪಿದ್ದು ಏನು? ಗಂಡನ ಜೇಬು ತಡಕಾಡಿ, "ಖರೇ ಹೇಳ್ರಿ, ಉಳ್ಳಾಗಡ್ಡಿ ಭಜಿ ಏನರ ಹಾಕೀರೇನು?" ಎಂದು ಕೇಳಿದಳು. "ಆ ಗುರುವಿನಾಣಿ ಇಲ್ಲ" ಎಂದ ಮಡಿವಾಳೆಪ್ಪ. ಗಿರಣಿಗೆ ಬಂದವರ ಕೈಚೀಲಗಳನ್ನೆಲ್ಲ ಅನುಮಾನದಿಂದ ನೋಡಿದಳು. ಕೊನೆಗೆ ಮನಸ್ಸು ಗಟ್ಟಿ ಮಾಡಿ ನಾಯಿಯ ಬಾಯಿಯನ್ನೇ ಮೂಸಿದಳು. ಗಪ್ಪನೆ ಹೊಡೆಯಿತು ಒಂದು ವಾಸನೆ. ಮಾಂಸದ ವಾಸನೆ ಹೀಗೇ ಇರುತ್ತದೆ ಅಂದುಕೊಂಡು ವಾಕರಿಸುತ್ತ ಎದ್ದಳು.

ಶೆಟ್ಟೆವ್ವ ಆಗಲೇ ಬಂದು ಮೆಲ್ಲಗೆ ಒಂದು ಮಾತು ಇಟ್ಟು ಹೋದಳು. "ಆ ಮನೀದು ತಿನ್ನಾಕ ಹತ್ತಿದ ಮ್ಯಾಲ ಹಿಂಗಾತಲ್ಲ, ನೋಡಿದಿ?" ಗುರವ್ವ ಅವಳ ಮೇಲೆ ಹರಿಹಾಯ್ದಳು. ಆದರೆ ಮಾತು ಹೋಗಲಿಲ್ಲ, ಒಳಗೇ ಉಳಿಯಿತು. ಮರುದಿನ ಸೀತವ್ವ ಬಟ್ಟಲು ಹಿಡಿದು ಬಂದಾಗ ಗುರವ್ವ ಬಟ್ಟಲು ಬಿಟ್ಟು ಅವಳ ಮುಖವನ್ನು ನೋಡಿದಳು. ಏನು ಹುಡುಕುತ್ತಿದ್ದೇನೆ ನಾನು ಎಂದು ಅವಳಿಗೇ ನಾಚಿಕೆಯಾಯಿತು. ಆದರೂ ನೋಡಿದಳು.

ಮತ್ತೆ ಬೈಲಹೊಂಗಲಕ್ಕೆ ಹೋದರು. ಮಂಜುಳಾ ಡಾಕ್ಟರು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಹಳ ಹೊತ್ತು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕುಳಿತರು.

"ಉಳ್ಳಾಗಡ್ಡಿ ತಿಂದೈತ್ರಿ ಇದು."

"ಸಾಧ್ಯನ ಇಲ್ರಿ! ನಮ್ಮ ಮನ್ಯಾಗ ಅದರ ಸಿಪ್ಪಿ ಸೈತ ಇಲ್ಲ."

"ರಕ್ತದ ಕಣದ ಮ್ಯಾಲ ಗುಳ್ಳಿ ಎದ್ದಾವು. ಹಳೆ ರೋಗದ ಮ್ಯಾಲ ಇದೊಂದು ಕೂಡೇತಿ. ಮಾಂಸಾ ಯಾರ ಮಾಡತೀರಿ?"

"ನಮ್ಮ ಸೀತವ್ವ."

"ಹೆಂಗ ಮಾಡತಾರ?"

ಗುರವ್ವ ಅಲ್ಲೇ ನಿಂತು ಸೀತವ್ವನಿಗೆ ಫೋನ್ ಹಚ್ಚಿದಳು. ಆಚೆಯಿಂದ ಹೊಲಿಗೆ ಯಂತ್ರದ ಸದ್ದು, ಅದರ ಮೇಲೆ ಸೀತವ್ವನ ಹಿಗ್ಗಿನ ದನಿ. "ಏನಿಲ್ರಿ, ಒಂದ್ ಚಮಚಿ ಎಣ್ಣಿ, ಎರಡ ಉಳ್ಳಾಗಡ್ಡಿ ಸಣ್ಣಗ ಹೆಚ್ಚಿ ಕೆಂಪಗ ಹುರೀತೇನಿ. ಮ್ಯಾಲ ಬಳ್ಳೊಳ್ಳಿ ಅರದು ಹಾಕತೇನಿ. ಇಲ್ಲಾಂದ್ರ ಹಸಿ ವಾಸನಿ ಹೋಗಂಗಿಲ್ಲ ನೋಡ್ರಿ. ಮಕ್ಕಳಿಗೆ ಮಾಡಿಧಂಗ ಮಾಡೇನಿ. ಯಾಕ್ರಿ, ಡಾಕ್ಟರ ಏನಂದ್ರು?"

ಗುರವ್ವ "ಬಂದು ಹೇಳತೇನಿ" ಎಂದು ಫೋನ್ ಇಟ್ಟಳು. ಮಾಂಸದ ವಾಸನೆ ಎಂದು ತಾನು ಸೆರಗು ಒತ್ತಿ ತಡೆದದ್ದರಲ್ಲಿ ಅರ್ಧ ತನ್ನದೇ ಒಗ್ಗರಣೆಯ ವಾಸನೆ. ಅದು ಕೂಡ ಗೊತ್ತಾಗಲಿಲ್ಲವಲ್ಲ!

ಡಾಕ್ಟರು ಸೂಜಿ ಹಾಕಿ ಕಳಿಸಿದರು. ಇನ್ನೆರಡು ದಿನ ಬಹಳ ನಾಜೂಕು, ಹೊಟ್ಟೆಗೆ ಹೋಗಲೇಬೇಕು, ಗುಳಿಗೆ ತಪ್ಪಲೇಬಾರದು ಎಂದರು. ಉಳಿಯುತ್ತದೆಯೇ ಎಂದು ಕೇಳಿದರೆ, ಈಗಲೇ ಹೇಳಲಾಗದು ಎಂದರು.

ಟಂಟಂ ಆಟೋದಲ್ಲಿ ಊರಿಗೆ ಬರುವಾಗ ಮಡಿವಾಳೆಪ್ಪ ಉಪಾಯ ಹೇಳಿದ. "ಡಾಕ್ಟರು ಕಲೇಜಿ ಬ್ಯಾಡ ಅಂದ್ರು ಅಂತ ಹೇಳಿಬಿಡು. ಆಕಿ ಮನಸಿಗೂ ನೋವಾಗೂದಿಲ್ಲ, ನಮ್ಮ ತಲಿಬ್ಯಾನಿನೂ ಹೋಗತೈತಿ."

ಉಪಾಯ ಚೆನ್ನಾಗಿತ್ತು. ಅದು ಗುರವ್ವನನ್ನೂ ಕಾಪಾಡುತ್ತಿತ್ತು. ಆದರೆ ತೊಡೆಯ ಮೇಲೆ ಮಲಗಿದ್ದ ಶೇಂಗಿಯ ಬೆನ್ನೆಲುಬು ಒಂದೊಂದೂ ಕೈಗೆ ತಾಗುತ್ತಿತ್ತು. ಬರಿ ಹಾಲು ರೊಟ್ಟಿಯಲ್ಲಿ ಈ ಮೈ ಮೇಲೇಳುತ್ತದೆಯೇ? ಕುದಿಸಿ ಕೊಡುವವರು ಬೇರೆ ಯಾರಿದ್ದಾರೆ? ನಿಜ ಹೇಳಿದರೆ ಸೀತವ್ವನ ಗತಿ ಏನು? ಹೇಳದಿದ್ದರೆ ಶೇಂಗಿಯ ಗತಿ ಏನು? ಇಳಿಯುವ ತನಕ ಅವಳಿಗೆ ಒಂದೂ ಬಗೆಹರಿಯಲಿಲ್ಲ. ಇಳಿದ ಮೇಲೆ ಕಾಲು ತಾವಾಗಿಯೇ ಎದುರು ಮನೆಗೆ ಹೋದವು.

ಸೀತವ್ವ ಎಲ್ಲ ಕೇಳಿದಳು. ಹೊಲಿಯುತ್ತಿದ್ದ ಕುಪ್ಪಸ ಬದಿಗಿಟ್ಟು ಅಳತೊಡಗಿದಳು.

"ಅಂದ್ರ ನಾನ ವಿಷಾ ಹಾಕಿದ್ನ್ಯಾ?"

"ನೀ ಅಲ್ಲ. ಹೇಳಬೇಕಾಗಿದ್ದಾಕಿ ನಾನು."

"ಮತ್ಯಾಕ ಹೇಳಲಿಲ್ಲ? ಖಾರ ಬ್ಯಾಡ ಅಂದ್ರಿ, ಉಪ್ಪು ಬ್ಯಾಡ ಅಂದ್ರಿ. ಅದೊಂದ ಯಾಕ ಹೇಳಲಿಲ್ಲ?"

"ಅದಕ್ಕ ಉಳ್ಳಾಗಡ್ಡಿ ಹಾಕತಾರ ಅನ್ನೂದ ನನಗ ಗೊತ್ತಿರಲಿಲ್ಲ ಸೀತವ್ವಾ."

ಸೀತವ್ವನ ಅಳು ನಿಂತಿತು. ಅವಳು ಗುರವ್ವನನ್ನು ಒಂದು ನಮೂನೆ ನೋಡಿದಳು. "ಇಷ್ಟು ವರ್ಷ ಬಾಗಲಿಗೆ ಬಾಗಲಾ ಹಚ್ಚಿ ಅದೇವಿ. ನಮ್ಮ ಒಲಿ ಮ್ಯಾಲ ಏನ್ ಕುದೀತೈತಿ ಅಂತ ಒಮ್ಮೆರ ನೋಡಿದ್ರ ಗೊತ್ತಿರತಿತ್ರಿ."

ಗುರವ್ವನಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. "ಈಗ ನೋಡತೇನಿ, ಕುದಿಸು" ಎಂದಳು.

"ಇಲ್ಲರಿ. ಇನ್ನ ನನ್ನ ಕೈಲೆ ಆಗಂಗಿಲ್ಲ. ಕಲೇಜಿ ಡಬ್ರ್ಯಾಗ ಐತಿ, ಒಲಿ ಅಲ್ಲೈತಿ. ಬೇಕಾರ ನೀವ ಕುದಿಸ್ಕೋರಿ."

ಗುರವ್ವ ಯಂತ್ರ ದಾಟಿ ಒಳಗೆ ಹೋದಳು. ತನ್ನ ಮನೆಯಂಥದೇ ಅಡುಗೆಮನೆ, ಅದೇ ಗ್ಯಾಸಿನ ಒಲೆ, ಅದೇ ರೊಟ್ಟಿ ಬುಟ್ಟಿ. ಡಬರಿಯ ಮುಚ್ಚಳ ತೆಗೆದಳು. ಲಿಂಗದ ಕರಡಿಗೆಯನ್ನು ಕುಪ್ಪಸದ ಒಳಗೆ ಸರಿಸಿಕೊಂಡಳು. ಇದು ಪಾಪವೋ ಪುಣ್ಯವೋ ಎಂದು ಹೇಳುವವರು ಯಾರೂ ಅಲ್ಲಿರಲಿಲ್ಲ. ತಣ್ಣಗೆ ಜಾರುವ ಕಲೇಜಿಯನ್ನು ಬರಿಗೈಯಿಂದ ಎತ್ತಿ ನೀರಿಗೆ ಹಾಕಿದಳು. ಒಂದು ಸಲ ಹಿತ್ತಲಿಗೆ ಓಡಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಬಂದು ಒಲೆಯ ಮುಂದೆ ನಿಂತಳು.

ಬಟ್ಟಲು ಒಯ್ದು ಶೇಂಗಿಯ ಮುಂದೆ ಇಟ್ಟರೆ, ಅದು ಮೂಸಿ ಮುಖ ತಿರುಗಿಸಿತು. ಗುರವ್ವ ತುಂಡು ಎತ್ತಿ ಬಾಯಿಗೆ ಹಿಡಿದಳು, ಬೈದಳು, ರಮಿಸಿದಳು. ಊಹೂಂ. ನಾಯಿ ರಸ್ತೆಯ ಆಚೆ ನೋಡುತ್ತ ಮಲಗಿತು.

"ಸೀತವ್ವಾ!" ಗುರವ್ವ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ತಿನ್ನವಲ್ದು! ಗುಳಿಗಿ ಹೆಂಗ ಹೋಗಬೇಕ? ಬಾ ನಮ್ಮವ್ವಾ, ನಿನ್ನ ಕಾಲಿಗೆ ಬೀಳತೇನಿ!"

ಸೀತವ್ವ ಬಂದಳು. ಮುಖ ಊದಿಕೊಂಡಿತ್ತು. ನೆಲಕ್ಕೆ ಕುಳಿತು ತುಂಡು ಹಿಚುಕಿ ಅಂಗೈ ಮೇಲೆ ಇಟ್ಟಳು. ಶೇಂಗಿ ತಲೆ ಎತ್ತಿತು, ನೆಕ್ಕಿತು, ಗುಳಿಗೆಯ ಸಮೇತ ನುಂಗಿತು. ಇನ್ನೊಂದು ತಿಂದಿತು. ಇಬ್ಬರೂ ಉಸಿರು ಬಿಟ್ಟರು.

"ನಾಳೆ ಮುಂಜಾನೆ ಲಗೂನ ಬರ್ರಿ" ಎಂದಳು ಸೀತವ್ವ. "ಕುದಿಸೂದು ನಿಮ್ಮ ಕೆಲಸಾ, ತಿನ್ಸೂದು ನಂದು."

"ಬರತೇನಿ."

ನಾಯಿ ಅಲ್ಲೇ ಕಣ್ಣು ಮುಚ್ಚಿತು. ಪಕ್ಕೆ ಏರಿ ಇಳಿಯುವುದನ್ನು ಇಬ್ಬರೂ ನೋಡುತ್ತ ಕುಳಿತರು. ಸೀತವ್ವ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು.

"ಗುರವ್ವಕ್ಕಾ, ಶೇಂಗಿ ಇಲ್ಲಧಂಗಾತಂದ್ರ, ಆಮ್ಯಾಲೂ ಬರತೀರೇನ ನಮ್ಮ ಅಡಗಿಮನಿಗೆ?"

"ಬರತೇನಿ" ಎಂದಳು ಗುರವ್ವ. ಆದರೆ ಈ ಸಲ ಆ ಮಾತು ಸ್ವಲ್ಪ ತಡವಾಗಿ ಬಂತು, ಅದು ಸೀತವ್ವನಿಗೂ ಗೊತ್ತಾಯಿತು.