ಹಂಡೆಗೆ ಕೊರೆದ ತೂತು

ಓಣಿಯ ತಿರುವಿನಲ್ಲೇ ಶಿವಕಾಂತಾಳಿಗೆ ಉಗಿಯ ಸದ್ದು ಕೇಳಿಸಿತು. ಇಂದು ಕಟ್ಟಿಗೆ ಬೇಯಿಸಿ ಬಗ್ಗಿಸುವ ದಿನವೆಂದು ಅವಳಿಗೆ ಗೊತ್ತಿತ್ತು. ಲಗೂ ಬಾ, ಇನ್ನೊಂದು ತುದಿ ಹಿಡಿಯಲು ನೀನೇ ಬೇಕು ಎಂದು ಗಂಡ ಧರ್ಮರಾಜ ಬೆಳಿಗ್ಗೆಯೇ ಹೇಳಿದ್ದ. ಅದಕ್ಕೇ ಅವಳು ಐಟಿ ಕಂಪನಿಯ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸವನ್ನು ಜೊತೆಯವಳಿಗೆ ಒಪ್ಪಿಸಿ, ಅರ್ಧ ದಿನದ ರಜೆ ಹಾಕಿ, ಪುಣೆಯ ಯೆರವಡಾದ ಸುಡುಬಿಸಿಲಿನಲ್ಲಿ ಸರಸರನೆ ನಡೆದು ಬಂದಿದ್ದಳು. ಅಂಗಳಕ್ಕೆ ಕಾಲಿಟ್ಟವಳು ನಿಂತಲ್ಲೇ ನಿಂತಳು.

ಗ್ಯಾಸ್ ಒಲೆಯ ಮೇಲೆ ಅವಳ ತವರಿನ ತಾಮ್ರದ ಹಂಡೆ ಕೂತಿತ್ತು. ಅದರ ಹೆಗಲಿಗೊಂದು ತೂತು. ತೂತಿಗೆ ಬೆಸುಗೆ ಹಾಕಿದ ಪೈಪು, ಪೈಪಿನ ಆಚೆ ತುದಿಗೆ ಹಲಗೆಗಳಿಂದ ಮಾಡಿದ ಉದ್ದನೆಯ ಪೆಟ್ಟಿಗೆ. ಉಗಿ ಸೋರಬಾರದೆಂದು ಹಂಡೆಯ ಮುಚ್ಚಳದ ಸುತ್ತ ಗೋಧಿ ಹಿಟ್ಟಿನ ಕಣಕ ಮೆತ್ತಿದ್ದ ಮಹಾರಾಯ. ಆ ಹಿಟ್ಟೂ ಅವಳ ಡಬ್ಬದ್ದೇ.

“ಎಂಥಾ ಉಗಿ ಬರಲಿಕ್ಕತ್ತದ ನೋಡು!” ಧರ್ಮರಾಜ ಹಲ್ಲು ಬಿಟ್ಟ. “ತಾಂಬ್ರ ಅಂದ್ರ ತಾಂಬ್ರ. ಇಷ್ಟು ದಿನ ನೀರು ಕಾಸಿದ ಆ ಎಣ್ಣಿ ಡಬ್ಬಿಯೊಳಗ ಇಂಥಾ ಉಗಿ ಹುಟ್ಟತಿತ್ತೇನು?”

“ತೂತು ಯಾರು ಹೊಡದ್ರು?”

“ನಾನೇ. ಡ್ರಿಲ್ ಹಚ್ಚಿದೆ, ಬೆಣ್ಣಿಯೊಳಗ ಬೆರಳಿಟ್ಟಂಗ ಆತು.”

ಬೆಣ್ಣೆಯಂತೆ! ಶಿವಕಾಂತಾಳ ಪಿತ್ತ ನೆತ್ತಿಗೇರಿತು. “ಯಾರನ್ನ ಕೇಳಿ ಹೊಡದ್ರಿ?”

ಪಾಪ, ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾರನ್ನ ಕೇಳೂದು? ಅಟ್ಟದ ಮ್ಯಾಲ ಧೂಳ ತಿನ್ಕೋತ ಬಿದ್ದಿತ್ತು. ಗೀಜರ್ ಬಂದ ಮ್ಯಾಲ ನೀ ಒಂದು ದಿನಾರ ಅದನ್ನ ಕಣ್ಣೆತ್ತಿ ನೋಡೀಯೇನು?”

ನೋಡಿರಲಿಲ್ಲ, ನಿಜ. ನಿಜವಾದ್ದರಿಂದಲೇ ಅವಳ ಸಿಟ್ಟು ಇನ್ನಷ್ಟು ಉರಿಯಿತು. ನೋಡದಿದ್ದರೆ ತನ್ನದಲ್ಲವೇ? ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟ ಹೆಂಗಸರು ದಿನಾ ಹೋಗಿ ನೋಡಿ ಬರುತ್ತಾರೆಯೇ?

ಆ ಹಂಡೆ ಕೊಡಿಸಿದ್ದು ಅವಳ ತಾಯಿ ಹುಲಿಗೆವ್ವ. ಯಾದಗಿರಿ ಕಡೆಯಿಂದ ಪುಣೆಗೆ ಬಂದು, ಕಟ್ಟಡಗಳ ಮೇಲೆ ಗಿಲಾವಿನ ಬುಟ್ಟಿ ಹೊತ್ತು ಮಕ್ಕಳನ್ನು ಸಾಕಿದವಳು. ಮಗಳ ಮದುವೆ ನಿಶ್ಚಯವಾದಾಗ ತಾಂಬಟ್ ಆಳಿ ಎಂಬ ಓಣಿಯ ಕಂಚುಗಾರರ ಅಂಗಡಿಗಳನ್ನೆಲ್ಲ ಸುತ್ತಿ, ಒಂದೊಂದು ಹಂಡೆಯನ್ನೂ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಅಂಗಡಿಯವರ ತಾಳ್ಮೆಯನ್ನೆಲ್ಲ ಬತ್ತಿಸಿ, ಕೊನೆಗೆ ಇದನ್ನು ಆರಿಸಿದ್ದಳು. ಮನೆಯ ತನಕ ತಾನೇ ತಲೆಯ ಮೇಲೆ ಹೊತ್ತಳು. ದಿನವಿಡೀ ಪರರ ಮನೆಯ ಗಿಲಾವು ಹೊತ್ತೀನಿ, ಒಂದಿನ ನಮ್ಮದು ಹೊರತೀನಿ ಬಿಡ್ರಿ ಎಂದು ಬಸ್ಸಿಗೂ ಹತ್ತಲಿಲ್ಲ. ಅಂಥ ಹಂಡೆಗೆ ಈತ ಬೆಣ್ಣೆಗೆ ಹಾಕಿದಂತೆ ಬೆರಳು ಹಾಕಿದ್ದ.

ಪಕ್ಕದ ಮನೆಯ ಗೋದಾಬಾಯಿ ಸದ್ದು ಕೇಳಿ ಬಾಗಿಲಿಗೆ ಬಂದಳು. ವಿಷಯ ತಿಳಿದು, “ಜಾವೂ ದೇ ಗ, ಪಡೂನಚ್ ಹೋತಾ ನಾ ಹಂಡಾ,” ಎಂದಳು. ಹೋಗಲಿ ಬಿಡು, ಸುಮ್ಮನೆ ಬಿದ್ದಿದ್ದ ಹಂಡೆ ತಾನೆ ಎಂದು. ಸಮಾಧಾನ ಹೇಳಲು ಬರುವವರ ಬಾಯಿಗೆ ಮೊದಲು ಬೀಗ ಹಾಕಬೇಕು ಎನಿಸಿತು ಶಿವಕಾಂತಾಳಿಗೆ. ಅವಳು ಚೀಲವನ್ನು ಕಟ್ಟೆಯ ಮೇಲೆ ಕುಕ್ಕಿ ಕೂತಳು.

ಧರ್ಮರಾಜ ತನ್ನ ಕೆಲಸಕ್ಕೆ ಮರಳಿದ. ಮೊದಲು ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದವನು, ಹಳೆಯ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜೊಂದರಲ್ಲಿ ಬಡಿಗನಾಗಿ, ಈಗ ಕಾರುಗಳ ಕಟ್ಟಿಗೆ ಭಾಗಗಳನ್ನು ಮನೆಯಲ್ಲೇ ಮಾಡಿಕೊಡುತ್ತಿದ್ದ. ಸದ್ಯ ಮಧುಕರ್ ಸಾಹೇಬರ ಕಾರಿನ ಕೆಲಸ. ಸ್ವಾತಂತ್ರ್ಯಕ್ಕಿಂತ ಹಳೆಯ ಕಾರು. ಅದರ ಬಟ್ಟೆಯ ಮೇಲ್ಚಾವಣಿಯನ್ನು ಎತ್ತಿ ಹಿಡಿಯುವ ಕಟ್ಟಿಗೆಯ ಕಮಾನುಗಳನ್ನು ಹುಳು ತಿಂದು ಮುಗಿಸಿತ್ತು. ಹೊಸವನ್ನು ಹಿಪ್ಪುನೇರಳೆ ಕಟ್ಟಿಗೆಯಲ್ಲಿ ಮಾಡಿ ಮುಗಿಸುತ್ತಾ ಬಂದಿದ್ದ, ಉಳಿದದ್ದು ಒಂದೇ. ಅಷ್ಟರಲ್ಲಿ ನೀರು ಕಾಯಿಸುವ ಎಣ್ಣೆ ಡಬ್ಬಿ ಬಾಯಿ ಬಿಟ್ಟಿತ್ತು.

ಉಗಿಯಲ್ಲಿ ಬೆಂದು ಮೆತ್ತಗಾದ ಕಟ್ಟಿಗೆಯನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ, ಆರುವ ಮೊದಲೇ, ಅಚ್ಚಿನ ಮೇಲೆ ಬಗ್ಗಿಸಬೇಕು. ಎರಡೂ ತುದಿಯನ್ನು ಇಬ್ಬರು ಒಂದೇ ಸಮ ಎಳೆಯಬೇಕು. ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಎಳೆದರೆ ನಡುವೆ ಸೀಳುತ್ತದೆ. ಇಷ್ಟು ದಿನವೂ ಆ ಇನ್ನೊಂದು ತುದಿಯಲ್ಲಿ ಇದ್ದವಳು ಶಿವಕಾಂತಾ. ಬಿಸಿ ತಾಗಿ ಅವಳ ಮೊಣಕೈಯಲ್ಲಿ ಬೊಬ್ಬೆಯೂ ಎದ್ದಿತ್ತು.

ಕಟ್ಟಿಗೆ ಬೇಯುತ್ತಿರುವಾಗ ಧರ್ಮರಾಜ ಹಳೆಯ, ಹುಳು ಹಿಡಿದ ಕಮಾನಿನಿಂದ ಕಬ್ಬಿಣದ ಪಟ್ಟಿ ಬಿಚ್ಚಲು ಕೂತ. ಒಂದು ಸ್ಕ್ರೂ ಜಪ್ಪಯ್ಯ ಎಂದರೂ ಕದಲಲಿಲ್ಲ. ಕತ್ತರಿಸಲು ಕರಗಸ ತೆಗೆದವನು ಅದನ್ನು ಕೆಳಗಿಟ್ಟು ಫೋನು ಕೈಗೆತ್ತಿಕೊಂಡ.

“ಸಾಹೇಬ್, ಏಕ್ ಸ್ಕ್ರೂ ಕಾಪಾವಾ ಲಾಗೇಲ್. ಕಾಪೂ ಕಾ?” ಒಂದು ಸ್ಕ್ರೂ ಕತ್ತರಿಸಬೇಕಾಗಿದೆ, ಕತ್ತರಿಸಲೇ ಎಂದು ಕೇಳುತ್ತಿದ್ದ. ಆ ಕಡೆಯಿಂದ ಏನೋ ಹೇಳಿದರು. “ನಾಹೀ ಸಾಹೇಬ್, ಟಾಕತ್ ನಾಹೀ. ಜಪೂನ್ ಠೇವತೋ.” ಎಸೆಯುವುದಿಲ್ಲ, ಜೋಪಾನವಾಗಿ ಇಡುತ್ತೇನೆ ಎಂದು ಮಾತು ಕೊಟ್ಟು, ಕತ್ತರಿಸಿದ ತುಕ್ಕು ಸ್ಕ್ರೂವನ್ನು ಪೇಪರಿನಲ್ಲಿ ಮಡಿಸಿ, ಎಳೆಗೂಸನ್ನು ಮಲಗಿಸುವಂತೆ ಡಬ್ಬಿಯಲ್ಲಿ ಮಲಗಿಸಿದ.

ಶಿವಕಾಂತಾ ಎದ್ದು ನಿಂತಳು.

“ಆ ತುಕ್ಕು ಹಿಡಿದ ಸ್ಕ್ರೂಕ್ಕ ಫೋನ್ ಹಚ್ಚಿ ಕೇಳ್ತೀರಿ. ನಮ್ಮವ್ವ ಕೊಟ್ಟ ಹಂಡೇವಕ್ಕ ಬಾಯಿ ಬಿಟ್ಟು ಒಂದು ಮಾತು ಕೇಳಲಿಲ್ಲ?”

“ಅದು ಪರರ ಸಾಮಾನು. ಮಾಲಕ್ರನ್ನ ಕೇಳದ ಒಂದು ಮೊಳೀನೂ ಕೀಳಬಾರದು, ನಮ್ಮ ಧಂದೇನ ಹಂಗ ಅದ.”

“ಮತ್ತ ಹಂಡೇವು?”

“ಅದು ಮನೀದು.”

“ಮನೀದು ಅಂದ್ರ ಯಾರದು? ಹೇಳ್ರಿ. ಯಾರದು? ಬೆಳಿಗ್ಗೆ ಹೋಗೂಮುಂದ ಇನ್ನೊಂದು ತುದಿ ಹಿಡಿಲಿಕ್ಕೆ ಬಾ ಅಂದ್ರಿ. ಆವಾಗ ಬಾಯಾಗ ಏನು ಇಟಗೊಂಡಿದ್ರಿ? ಹುಳ ತಿಂದ ಕಟಗೀಗೂ ಒಬ್ಬ ಮಾಲಕ ಇದ್ದಾನ. ನನ್ನ ಸಾಮಾನಿಗೆ ಮಾತ್ರ ಯಾರೂ ಇಲ್ಲ!”

ಅವಳ ದನಿ ಓಣಿಯ ಆ ತುದಿಗೂ ಕೇಳಿಸಿರಬೇಕು. ಕೇಳಿಸಲಿ. ಧರ್ಮರಾಜ ಪೆಟ್ಟಿಗೆಯ ಕಡೆ ನೋಡಿದ. ಕಟ್ಟಿಗೆ ಹದಕ್ಕೆ ಬರುವ ಹೊತ್ತಾಗುತ್ತಿತ್ತು. “ಈಗೇನು ಮಾಡು ಅಂತಿ? ತೂತಂತೂ ಬಿದ್ದದ. ಸಂಜೀಗೆ ಸಾಹೇಬ್ರು ಕಮಾನು ನೋಡಲಿಕ್ಕೆ ಬರೋರು ಅದಾರ.”

“ನಮ್ಮವ್ವಗ ಫೋನ್ ಹಚ್ರಿ. ಕೇಳ್ರಿ. ಅಲ್ಲಿತನಕ ನಾ ತುದಿ ಮುಟ್ಟೂದಿಲ್ಲ.”

ಒಬ್ಬನೇ ಎಳೆಯುವಂತಿಲ್ಲ. ಬೇರೆ ದಾರಿ ಕಾಣದೆ ಅವನು ಅತ್ತೆಗೆ ಫೋನು ಮಾಡಿದ. ಹುಲಿಗೆವ್ವ ಈಗ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುವ ಮಗನ ಜೊತೆ ಇದ್ದಳು. ಸ್ಪೀಕರ್ ಹಾಕಿದ ಫೋನಿನಲ್ಲಿ ಲಾರಿಗಳ ಗದ್ದಲದ ನಡುವೆ ಅವಳ ದನಿ ಬಂತು.

“ಶರಣ್ರಿ ಅತ್ತಿ, ಆರಾಮ ಅದೀರಿ?”

“ಅದೀನಿ ಯಪ್ಪಾ. ಏನು, ಕೆಲಸದ ಹೊತ್ತಿನಾಗ?”

“ಏನಿಲ್ರಿ... ಆ ತಾಂಬ್ರದ ಹಂಡೇವು... ಕೆಲಸಕ್ಕ ಬೇಕಾಗಿತ್ತು. ಅದಕ್ಕ ಒಂದು ಸಣ್ಣ ತೂತು ಹೊಡದೀನ್ರಿ. ನಿಮ್ಮನ್ನ ಒಂದು ಮಾತು ಕೇಳೋಣಂತ...”

ಶಿವಕಾಂತಾ ಫೋನಿನ ಹತ್ತಿರಕ್ಕೆ ಸರಿದಳು.

“ಅದು ನಂದಲ್ಲ ಯಪ್ಪಾ,” ಎಂದಳು ಹುಲಿಗೆವ್ವ. “ಮಗಳಿಗೆ ಕೊಟ್ಟ ಮ್ಯಾಲ ನಂದು ಹೆಂಗ ಆಗ್ತದ? ಅಕಿ ಮನ್ಯಾಗ ಇಲ್ಲೇನು?”

“ಇಲ್ಲೇ ಅದಾಳ್ರಿ.”

“ಮತ್ತ?” ಎಂದಳು ಹುಲಿಗೆವ್ವ. ಫೋನು ಕಟ್ಟಾಯಿತು.

ಗೋದಾಬಾಯಿಗೆ ಕನ್ನಡ ತಿಳಿಯದಿದ್ದರೂ ಆ ಒಂದು ಮಾತು ತಿಳಿದಂತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧರ್ಮರಾಜನ ಕಿವಿ ಕೆಂಪಾಯಿತು. ಆದರೂ ಮನುಷ್ಯ ಚಾಲಾಕು, ಕೂಡಲೇ ನಕ್ಕ. ತಾನೊಂದು ಜೊತೆ ಕೈಗವಸು ಹಾಕಿಕೊಂಡು, ಇನ್ನೊಂದು ಜೊತೆಯನ್ನು ಹೆಂಡತಿಯ ಕಡೆ ಚಾಚಿದ.

“ಆತವ್ವಾ, ತಪ್ಪಾತು. ನಿನ್ನೇ ಕೇಳತೀನಿ. ನಿನ್ನ ಹಂಡೇವು ಬಳಸ್ಲೇನು? ಹ್ಞೂಂ ಅನ್ನು, ಕಟಗಿ ಹದಕ್ಕ ಬಂದದ.”

ಈ ಒಂದು ಪ್ರಶ್ನೆ ಕೇಳಿಬಿಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದೇ ಶಿವಕಾಂತಾ ಇಷ್ಟು ಹೊತ್ತು ಅಂದುಕೊಂಡಿದ್ದಳು. ಕೇಳಿಯೂ ಆಯಿತು. ಆದರೆ ಅವಳ ಕಣ್ಣು ಆ ಕೈಗವಸಿನ ಮೇಲೆ ಬಿತ್ತು. ಉತ್ತರ ಬರುವ ಮೊದಲೇ ಅವನು ಅದನ್ನು ಚಾಚಿದ್ದ. ಅವನು ಮಧುಕರ್ ಸಾಹೇಬರನ್ನು ಕೇಳಿದಾಗ ಹೀಗೆ ಕೇಳಿರಲಿಲ್ಲ. ಕರಗಸ ಕೆಳಗಿಟ್ಟು, ಫೋನಿಗೆ ಕಿವಿಯೊತ್ತಿ, ಉಸಿರು ಬಿಗಿಹಿಡಿದು ಕಾದಿದ್ದ. ಬೇಡ ಎಂದಿದ್ದರೆ ಆ ಸ್ಕ್ರೂವನ್ನು ಹಾಗೇ ಬಿಡುತ್ತಿದ್ದ.

“ಬ್ಯಾಡ,” ಎಂದಳು.

“ಏನು?”

“ಬ್ಯಾಡ್ರಿ. ನನ್ನ ಹಂಡೇವು ಇದಕ್ಕ ಕೊಡೂದಿಲ್ಲ.”

“ಏ, ಕೇಳಿದ್ನಲ್ಲ!”

“ಕೇಳಿದ್ರಿ. ನಾ ಹೇಳಿದೆ.”

“ಹುಚ್ಚಿ ಏನು ನೀ? ಈಗ ಗ್ಯಾಸ್ ಆರಿಸಿದ್ರ ಕಟಗಿ ಕೆಡತದ. ಎರಡನೇ ಸಲ ಬೇಯಿಸಿದ್ರ ಒಣಗಿ ಸೀಳತದ. ಮತ್ತ ಭೋರ್ ಊರಿನತನಕ ಹೋಗಿ ಹೊಸಾ ಕಟಗಿ ತರಬೇಕು. ಸಾಹೇಬ್ರು ಸಂಜೀಗೆ ಬರ್ತಾರ!”

ಅವಳು ಒಲೆಯ ಹತ್ತಿರ ಹೋಗಲಿಲ್ಲ. ತಾನೇ ಹೋಗಿ ಆರಿಸಿದರೆ ಅದು ಜಗಳವಾಗುತ್ತದೆ, ಅಷ್ಟೇ. ಕೇಳಿದವನು ಅವನು, ಆರಿಸಬೇಕಾದವನೂ ಅವನೇ. ಅವಳು ಕೈಕಟ್ಟಿ ನಿಂತು ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದ ಈ ಮನುಷ್ಯ ಈಗ ಏನು ಮಾಡುತ್ತಾನೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಧರ್ಮರಾಜ ಅವಳ ಮುಖ ನೋಡಿದ. ನಗುವಿನ ಸುಳಿವೇನಾದರೂ ಇದೆಯೇ ಎಂದು ಹುಡುಕಿದ. ಗೋದಾಬಾಯಿಯ ಕಡೆ ನೋಡಿದ, ಅವಳು ಒಳಗೆ ಹೋಗಿಬಿಟ್ಟಿದ್ದಳು. ಪೆಟ್ಟಿಗೆಯ ಸಂದಿಯಿಂದ ಹಬೆ ಬುಸುಗುಡುತ್ತಿತ್ತು. ಅವನು ಕೈಗವಸು ಕಳಚಿದ, ಕುಕ್ಕರುಗಾಲಲ್ಲಿ ಕೂತ, ಒಲೆಯ ಕಿವಿ ತಿರುವಿ ಗ್ಯಾಸ್ ಆರಿಸಿದ. ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು.

ಅವನು ತಲೆ ಎತ್ತದೆಯೇ ತಗ್ಗಿದ ದನಿಯಲ್ಲಿ ಕೇಳಿದ, “ಸಾಹೇಬ್ರಿಗೆ ಏನಂತ ಹೇಳ್ಲಿ?”

“ಖರೇನೇ ಹೇಳ್ರಿ,” ಎಂದಳು ಶಿವಕಾಂತಾ. “ಮಾಲಕ್ರು ಒಪ್ಪಲಿಲ್ಲಂತ ಹೇಳ್ರಿ.”